ಜಿಪಿಎಸ್ ರಸ್ತೆ ಹೆಸರು ಹೇಳಬೇಕೇ?

ಕಾರಿನಲ್ಲಿ ದಾರಿ ಹೇಳುವ ಜಿಪಿಎಸ್ ಸಾಧನ ಕೊಳ್ಳುವಾಗ, ರಸ್ತೆ ಹೆಸರನ್ನೂ ಹೇಳುವ ಮಾಡೆಲ್‌ಗೆ ಹೆಚ್ಚು ದುಡ್ಡು ಕೊಡಬೇಕೇ ಎಂದು ಕೇಳಿದ್ದೀರಿ. ಊರೊಳಗೆ, ಗೊತ್ತಿಲ್ಲದ ರಸ್ತೆಗಳಲ್ಲಿ ಓಡಿಸುವವರಾದರೆ ಖಂಡಿತ ಕೊಡಿ.

ಕಾರಣ ಇಷ್ಟೇ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಎರಡು ಅಡ್ಡರಸ್ತೆಗಳ ನಡುವೆ 40 ಮೀಟರ್ ಅಂತರವಿದ್ದರೆ ಯೋಚಿಸಲು ಸಿಗುವುದು ಮೂರು ಸೆಕೆಂಡಿಗೂ ಕಡಿಮೆ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಿಗ್ನಲ್ ಪ್ರತಿಫಲಿಸಿ ಸಾಧನ ತೋರಿಸುವ ಜಾಗವೂ ಹತ್ತಾರು ಮೀಟರ್ ತಪ್ಪಬಹುದು. ಆಗ ಬರೀ "ಬಲಕ್ಕೆ ತಿರುಗಿ" ಎಂದರೆ ಯಾವ ಬಲ? ಹೆಸರು ಕಿವಿಗೆ ಬಿದ್ದರೆ ಪರದೆ ನೋಡದೆಯೇ ಬೋರ್ಡ್‌ ಜೊತೆ ತಾಳೆ ನೋಡಬಹುದು. ಬೋರ್ಡ್‌ಗಳೇ ಇಲ್ಲದ ಕಡೆ ಮಾತ್ರ ಇದರಿಂದ ಲಾಭವಿಲ್ಲ.

ಒಂದು ಎಚ್ಚರ: ಸಾಧನದಲ್ಲಿ ಸೌಲಭ್ಯವಿದ್ದರೂ ತಪ್ಪು ಧ್ವನಿ ಆರಿಸಿದರೆ ಹೆಸರು ಕೇಳಿಸದು. ಮನುಷ್ಯರಿಂದ ಮೊದಲೇ ರೆಕಾರ್ಡ್ ಮಾಡಿಸಿದ ಧ್ವನಿಯಲ್ಲಿ ನಿಗದಿತ ವಾಕ್ಯಗಳಷ್ಟೇ ಇರುತ್ತವೆ. ಅಕ್ಷರ ಓದಿ ಹೇಳುವ ಟೆಕ್ಸ್ಟ್-ಟು-ಸ್ಪೀಚ್ ಧ್ವನಿಯೇ ಬೇಕು. ಅದರ ಭಾಷೆಯೂ ಆ ಊರಿನ ರಸ್ತೆ ಹೆಸರುಗಳ ಭಾಷೆಗೆ ಹೊಂದಬೇಕು, ಇಲ್ಲದಿದ್ದರೆ ಉಚ್ಚಾರ ಕೆಟ್ಟು ಹೆಸರೇ ಗುರುತು ಸಿಗುವುದಿಲ್ಲ. ಕೊಳ್ಳುವ ಮುಂಚೆ, ಸಿಮ್ಯುಲೇಶನ್ (ಕಾರು ಓಡಿಸದೆಯೇ ಸಾಧನದಲ್ಲಿ ಪ್ರಯಾಣವನ್ನು ಅನುಕರಿಸುವ) ಸೌಲಭ್ಯವಿದ್ದರೆ, ನಿಮಗೆ ಗೊತ್ತಿರುವ ದಾರಿಯೊಂದನ್ನು ಅದರಲ್ಲಿ ಓಡಿಸಿ ಕೇಳಿಬಿಡಿ.