ಓದುಗರ ಪ್ರಶ್ನೆ: ಓಲಾವ್ ಅಂದರೆ ಯಾರು?

ಪ್ರಶ್ನೆ: ನಾನು ಶಿವಮೊಗ್ಗದವನು, ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಓದುತ್ತಿದ್ದೇನೆ. ಇಲ್ಲಿ ಎಲ್ಲಿ ನೋಡಿದರೂ ಓಲಾವ್. ಚೌಕದಲ್ಲಿ ಎತ್ತರದ ಕಂಬದ ಮೇಲೆ ಓಲಾವ್ ರಾಜನ ಪ್ರತಿಮೆ ಇದೆ, ದೊಡ್ಡಾಸ್ಪತ್ರೆಗೆ ಸಂತ ಓಲಾವ್ ಹೆಸರಿದೆ. ಇಬ್ಬರೂ ಒಬ್ಬನೇನಾ?

ಉತ್ತರ: ಅಲ್ಲ, ಬೇರೆ ಬೇರೆ. ಕಂಬದ ಮೇಲಿರುವವನು ಓಲಾವ್ ಟ್ರಿಗ್ವಾಸನ್. 995ರಿಂದ 1000ದವರೆಗೆ ಆಳಿದ. ನೀವಿರುವ ಊರನ್ನು 997ರಲ್ಲಿ ಕಟ್ಟಿಸಿದ್ದು ಇವನೇ ಅಂತ ಹೇಳುತ್ತಾರೆ. ಆಸ್ಪತ್ರೆಯ ಹೆಸರಿನವನು ಓಲಾವ್ ಹರಾಲ್ಡ್‌ಸನ್. ಇಬ್ಬರೂ ಜನರನ್ನು ಕ್ರೈಸ್ತ ಧರ್ಮಕ್ಕೆ ತಂದವರು, ಅದೂ ಬಹಳ ಕಡೆ ಬಲವಂತದಿಂದ, ಅದನ್ನು ಮುಚ್ಚಿಡಬೇಕಾಗಿಲ್ಲ.

ಈ ಹೆಸರು ಸಾವಿರ ವರ್ಷ ಉಳಿದಿದ್ದು ಎರಡನೆಯವನಿಂದ, ಅದೂ ಅವನು ಸೋತಿದ್ದರಿಂದ ಅಂತ ನನಗನ್ನಿಸುತ್ತದೆ. 1015ರಲ್ಲಿ ರಾಜನಾದ, 1028ರಲ್ಲಿ ಸಿಂಹಾಸನ ಕಳೆದುಕೊಂಡು ಈಗಿನ ರಷ್ಯಾ, ಯುಕ್ರೇನ್ ಕಡೆಗೆ ಓಡಿಹೋಗಿ ಅಲ್ಲಿನ ದೊರೆ ಯಾರೋಸ್ಲಾವ್ ಹತ್ತಿರ ಆಶ್ರಯ ಪಡೆದ. ಮತ್ತೆ ರಾಜ್ಯ ಗೆಲ್ಲೋಣ ಅಂತ 1030ರಲ್ಲಿ ವಾಪಸ್ ಬಂದವನು ಸ್ಟಿಕ್ಲೆಸ್ಟಾಡ್ ಕದನದಲ್ಲಿ ಸತ್ತ. ಅವನ ವಿರುದ್ಧ ನಿಂತವರಲ್ಲಿ ಸ್ವಂತ ನಾಡಿನ ರೈತರೂ ಇದ್ದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಅಲ್ವಾ? ಆದರೆ ಸಮಾಧಿಯ ಹತ್ತಿರ ಪವಾಡ ಆಗುತ್ತಿದೆ ಅಂತ ಸುದ್ದಿ ಹಬ್ಬಿತು, ಮರುವರ್ಷವೇ ಬಿಷಪ್ ಗ್ರಿಮ್‌ಕೆಲ್ ಅವನನ್ನು ಸಂತ ಅಂತ ಸಾರಿದ. ನಿಮ್ಮೂರಿನ ನಿಡಾರೋಸ್ ಕೆಥೆಡ್ರಲ್ ಎದ್ದಿದ್ದು ಆ ಸಮಾಧಿಯ ಜಾಗದಲ್ಲೇ. ಓಸ್ಲೋದಿಂದ ಅಲ್ಲಿಗೆ ಬರುವ ಯಾತ್ರೆಯ ದಾರಿ 600 ಕಿಲೋಮೀಟರಿಗೂ ಜಾಸ್ತಿ, ಜನ ಈಗಲೂ ನಡೆಯುತ್ತಾರೆ. ಜುಲೈ 29 ಅವನ ಹಬ್ಬ, ಓಲ್ಸೋಕ್ ಅನ್ನುತ್ತಾರೆ. ಆ ದಿನ ಸ್ಟಿಕ್ಲೆಸ್ಟಾಡ್‌ಗೆ ಹೋಗಿ ಬನ್ನಿ, ಹೆಚ್ಚು ದೂರವಿಲ್ಲ. ನಾರ್ವೆಯ ರಾಜಲಾಂಛನದಲ್ಲಿ ಸಿಂಹ ಹಿಡಿದಿರುವ ಕೊಡಲಿಯೂ ಅವನದೇ.

ಸಂತನ ಜೊತೆ ಹೆಸರೂ ಸಮುದ್ರ ದಾಟಿತು. ಲಂಡನ್ನಿನ ಟೂಲಿ ಸ್ಟ್ರೀಟ್ ಇದೆಯಲ್ಲ, ಅದು ಸೇಂಟ್ ಓಲಾವ್ ಸ್ಟ್ರೀಟ್ ಅನ್ನೋದು ಬಾಯಲ್ಲಿ ಸವೆದು ಆದದ್ದು. ಫಿನ್ಲೆಂಡಿನಲ್ಲಿ 1475ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ ಓಲಾವಿನ್‌ಲಿನ್ನಾ. ಎಸ್ಟೋನಿಯಾದ ಟಾಲಿನ್‌ನಲ್ಲಿ ಅವನ ಹೆಸರಿನ ದೊಡ್ಡ ಚರ್ಚ್ ಇದೆ. 1537ರಲ್ಲಿ ನಾರ್ವೆ ಕ್ರೈಸ್ತರ ಲೂಥರನ್ ಪಂಥಕ್ಕೆ ಸೇರಿತು, ಸಂತರ ಪೂಜೆ ನಿಂತಿತು. ಆದರೂ ಜನ ಮಕ್ಕಳಿಗೆ ಓಲಾವ್ ಅಂತ ಹೆಸರಿಡೋದನ್ನು ಬಿಡಲಿಲ್ಲ.

ಪ್ರಶ್ನೆ: ಈ ಹೆಸರಿಗೆ ಅರ್ಥ ಏನು? ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಹಾಗೆ ಅಲ್ಲೂ ಇದೆಯಾ?

ಉತ್ತರ: ಇದೆ, ಈ ಹೆಸರಿನ ಅರ್ಥವೇ ಅದಕ್ಕೆ ಹೊಂದುತ್ತದೆ. ತುಂಬ ಹಳೆಯ ರೂಪ ಅನುಲೈಬಾಜ್ ಅಂತ ಭಾಷಾ ಪಂಡಿತರು ಹೇಳುತ್ತಾರೆ. ಮೊದಲ ಭಾಗ ಅಂದರೆ ಹಿರಿಯ, ಪೂರ್ವಿಕ. ಎರಡನೆಯದು ಅಂದರೆ ಉಳಿದವನು, ವಾರಸುದಾರ. ಅಮೆರಿಕದ ತೀರ ಮುಟ್ಟಿದ ಲೈಫ್ ಎರಿಕ್‌ಸನ್ ಹೆಸರಿನಲ್ಲಿರುವ ಲೈಫ್ ಕೂಡ ಈ ಎರಡನೇ ಭಾಗವೇ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ನಾರ್ವೆಯ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಅದರಿಂದಾಗಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಓಲಾವ್ ಮತ್ತೆ ಮತ್ತೆ ಬರುತ್ತಿದ್ದ. ಹೆಸರು ಸುಮ್ನೆ ಚೆನ್ನಾಗಿದೆ ಅಂತ ಉಳಿದದ್ದಲ್ಲ, ಮನೆತನ ಅದನ್ನು ಉಳಿಸಿತು.

ಡೆನ್ಮಾರ್ಕಿನಲ್ಲಿ ಇದು ಸವೆದು ಓಲೆ ಆಯಿತು. ಲೆಗೋ ಆಟಿಕೆ ಕಂಪನಿ ಶುರು ಮಾಡಿದ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್, ಬೆಳಕಿಗೂ ವೇಗವಿದೆ ಅಂತ 1676ರಲ್ಲಿ ತೋರಿಸಿಕೊಟ್ಟ ಓಲೆ ರೋಮರ್, ಇಬ್ಬರೂ ಡೆನ್ಮಾರ್ಕಿನವರು. ಓಲ್‌ಸೆನ್ ಅಂದರೆ ಓಲೆಯ ಮಗ. ಐಸ್‌ಲ್ಯಾಂಡಿನಲ್ಲಿ ಮಾತ್ರ ಇಂಥವು ಕುಟುಂಬದ ಹೆಸರಾಗಿ ಗಟ್ಟಿಯಾಗಲಿಲ್ಲ. ಅಲ್ಲಿ ಓಲಾವುರ್ ಎಂಬವರ ಮಗ ಓಲಾಫ್‌ಸನ್, ಮಗಳು ಓಲಾಫ್ಸ್‌ದೋತ್ತಿರ್. ಮೊಮ್ಮಕ್ಕಳಿಗೆ ಮತ್ತೆ ಬೇರೆ.

ಪ್ರಶ್ನೆ: ಐದನೇ ಓಲಾವ್ ಅನ್ನುವ ರಾಜರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಂತ ಓದಿದೆ. ನಿಜವಾ?

ಉತ್ತರ: ನಿಜ. 1903ರಲ್ಲಿ ಹುಟ್ಟಿದಾಗ ಅವರ ಹೆಸರು ಅಲೆಕ್ಸಾಂಡರ್. 1905ರಲ್ಲಿ ನಾರ್ವೆ ಸ್ವೀಡನ್‌ನಿಂದ ಬೇರೆಯಾದಾಗ ಡೆನ್ಮಾರ್ಕಿನ ರಾಜಕುಮಾರರಾದ ಇವರ ತಂದೆಯನ್ನು ರಾಜನಾಗಿ ಕರೆಸಿಕೊಂಡರು. ತಂದೆ ಏಳನೇ ಹಾಕೊನ್ ಆದರು, ಎರಡು ವರ್ಷದ ಮಗು ಓಲಾವ್ ಆಯಿತು. ನಾಲ್ಕನೇ ಓಲಾವ್ ತೀರಿಕೊಂಡಿದ್ದು 1387ರಲ್ಲಿ! ಹೊಸ ರಾಜಮನೆತನವನ್ನು ಹಳೆಯ ನಾರ್ವೆಯ ಜೊತೆ ಸೇರಿಸಲು ಇದಕ್ಕಿಂತ ಒಳ್ಳೆಯ ಹೆಸರು ಸಿಗುತ್ತಿರಲಿಲ್ಲ. ಅವರು 1957ರಿಂದ 1991ರವರೆಗೆ ಆಳಿದರು. 1973ರಲ್ಲಿ ತೈಲದ ಬಿಕ್ಕಟ್ಟಿನಿಂದ ಕಾರು ಓಡಿಸಬಾರದು ಅಂತ ನಿಯಮ ಬಂದಾಗ, ಸ್ಕೀಯಿಂಗ್‌ಗೆ ಹೊರಟ ರಾಜರು ಎಲ್ಲರ ಹಾಗೆ ಟ್ರಾಮ್ ಹತ್ತಿ ಟಿಕೆಟಿಗೆ ದುಡ್ಡು ಕೊಡಲು ಮುಂದಾದರು. ಆ ಫೋಟೋ ನಾರ್ವೆಯವರಿಗೆಲ್ಲ ಗೊತ್ತು.

ಪ್ರಶ್ನೆ: ದೆಹಲಿಯಲ್ಲಿ ಓಲೋಫ್ ಪಾಲ್ಮೆ ಮಾರ್ಗ ಅಂತ ಇದೆ. ಅದೂ ಇದೇ ಹೆಸರಾ?

ಉತ್ತರ: ಹೌದು, ಸ್ವೀಡನ್ನಿನ ರೂಪ. ಅಲ್ಲಿನವರು ಊಲೊಫ್ ಅನ್ನುತ್ತಾರೆ. ಪಾಲ್ಮೆ ಸ್ವೀಡನ್ನಿನ ಪ್ರಧಾನಿಯಾಗಿದ್ದವರು. ಅಣ್ವಸ್ತ್ರಗಳ ವಿರುದ್ಧ ಆರು ದೇಶಗಳು ಒಟ್ಟಿಗೆ ದನಿ ಎತ್ತಿದಾಗ ಭಾರತದ ಜೊತೆ ನಿಂತರು. 1986ರ ಫೆಬ್ರವರಿ 28ರಂದು ಸ್ಟಾಕ್‌ಹೋಮ್‌ನ ಬೀದಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು.