ಆಲ್ಟರ್ನೇಟರ್ ಹೊಸದು, ಆದರೂ ಬ್ಯಾಟರಿ ಇಳಿಯುತ್ತಿದೆ: ಆಲ್ಟರ್ನೇಟರ್ ವಾಪಸು ಕೊಡಲೇ, ಬ್ಯಾಟರಿ ಬದಲಿಸಲೇ?

ಸದ್ಯಕ್ಕೆ ಎರಡನ್ನೂ ಮಾಡಬೇಡಿ. ಯಾದಗಿರಿಯಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಉತ್ಪಾದಿಸಿ ಬ್ಯಾಟರಿ ತುಂಬಿಸುವ ಯಂತ್ರ) ಹಾಕಿಸಿ ಹನ್ನೆರಡು ದಿನವಾಯಿತು, ಹಗಲಿನಲ್ಲಿ ಎಲ್ಲವೂ ಸರಿಯಿರುತ್ತದೆ, ರಾತ್ರಿ ಹೆಡ್‌ಲೈಟ್ ಮತ್ತು ಎಸಿ ಒಟ್ಟಿಗೆ ಹಾಕಿದಾಗ ಮಾತ್ರ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಂಕಾಗಿ ಬೆಳಗುತ್ತದೆ, ಮರುದಿನ ಬೆಳಿಗ್ಗೆ ಸೆಲ್ಫ್ ತಿರುಗುವುದಿಲ್ಲ ಎಂದು ನೀವು ಬರೆದಿದ್ದೀರಿ. ಆ ‘ಮಂಕಾಗಿ’ ಎಂಬ ಒಂದು ಪದ ಓದಿದ ಕೂಡಲೇ ನನಗೆ 2018ರ ಬೇಸಿಗೆ ನೆನಪಾಯಿತು.

ನಾನು ಕಲಬುರಗಿಯವನು. ಆಗ ನನ್ನ ಬಳಿ ಇದ್ದದ್ದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಆ ವರ್ಷ ಏಪ್ರಿಲ್‌ನಲ್ಲಿ ಅದರ ಆಲ್ಟರ್ನೇಟರಿನ ಬೇರಿಂಗ್ ಮೊದಲು ಕಿರುಗುಟ್ಟಿ, ಆಮೇಲೆ ಚಾರ್ಜ್ ಮಾಡುವುದನ್ನೇ ನಿಲ್ಲಿಸಿತು. ರಿಂಗ್ ರೋಡಿನ ಒಂದು ಗ್ಯಾರೇಜಿನಲ್ಲಿ ರಿಪೇರಿಯಾಗಿ ಬಂದ ಇನ್ನೊಂದು ಆಲ್ಟರ್ನೇಟರನ್ನು (ಅಲ್ಲಿ ಎಲ್ಲರೂ ಅದನ್ನು ಈಗಲೂ ಡೈನಮೋ ಎಂದೇ ಕರೆಯುತ್ತಾರೆ) ಹಾಕಿಸಿಕೊಂಡೆ. ಕೆಲಸ ಮುಗಿದ ಸಂಜೆ ಮನೆಯ ಅಂಗಳದಲ್ಲಿ ಬಾನೆಟ್ ಎತ್ತಿ, ನನ್ನದೇ ಮಲ್ಟಿಮೀಟರ್ ತಂದು ಅಳೆದೆ. 14.2 ವೋಲ್ಟ್ ಬಂತು. ಎಂಜಿನ್ ಓಡುತ್ತಿರುವಾಗ 13.8ರಿಂದ 14.4ರವರೆಗೆ ಬಂದರೆ ಚಾರ್ಜಿಂಗ್ ಸರಿಯಿದೆ ಎಂದು ಓದಿ ತಿಳಿದಿದ್ದ ನಾನು ನೆಮ್ಮದಿಯಿಂದ ಬಾನೆಟ್ ಮುಚ್ಚಿದೆ.

ನನ್ನ ತಪ್ಪು ಆ ಅಳತೆಯಲ್ಲಿಯೇ ಇತ್ತು. ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ಹಿಂಭಾಗದ ಬಿ ಸ್ಟಡ್ಡಿನ ಮೇಲೆ, ಅಂದರೆ ದಪ್ಪ ವೈರು ಬೋಲ್ಟ್ ಆಗುವ ತಿರುಪಿನ ತುದಿಯ ಮೇಲೆ ಇಟ್ಟಿದ್ದೆ; ಕಪ್ಪು ಕಡ್ಡಿಯನ್ನು ಅದೇ ಆಲ್ಟರ್ನೇಟರಿನ ಅಲ್ಯೂಮಿನಿಯಂ ಮೈಗೆ ಮುಟ್ಟಿಸಿದ್ದೆ. ಹೀಗೆ ಅಳೆದಾಗ ಮೀಟರ್ ಹೇಳುವುದು ಆಲ್ಟರ್ನೇಟರ್ ಎಷ್ಟು ಉತ್ಪಾದಿಸುತ್ತಿದೆ ಎಂಬುದನ್ನು ಮಾತ್ರ. ಅದು ಬ್ಯಾಟರಿಯವರೆಗೆ ತಲುಪಿದೆಯೇ, ದಾರಿಯಲ್ಲಿ ಎಲ್ಲಿಯಾದರೂ ಕಳೆದುಹೋಗುತ್ತಿದೆಯೇ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಇದರ ಜೊತೆಗೆ ಇನ್ನೊಂದು ತಪ್ಪನ್ನೂ ಮಾಡಿದ್ದೆ. ಹೆಡ್‌ಲೈಟ್, ಬ್ಲೋವರ್, ಎಸಿ ಎಲ್ಲವನ್ನೂ ಆಫ್ ಮಾಡಿ, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಅಳೆದಿದ್ದೆ. ಕೆಟ್ಟ ಜೋಡಣೆಯೊಂದು ಎಷ್ಟು ವೋಲ್ಟೇಜನ್ನು ನುಂಗುತ್ತದೆ ಎಂಬುದು ಅದರ ಮೂಲಕ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನೇ ಅವಲಂಬಿಸಿರುತ್ತದೆ. ಎಂಟು ಆಂಪಿಯರ್ ಹರಿಯುವಾಗ ಕಾಲು ವೋಲ್ಟ್ ನುಂಗುವ ಜೋಡಣೆ, ನಲವತ್ತು ಆಂಪಿಯರ್ ಹರಿಯುವಾಗ ಅದರ ಐದು ಪಟ್ಟು ನುಂಗುತ್ತದೆ. ಹಾಗಾಗಿ ಅಂದು ನಾನು ಕಡ್ಡಿಗಳನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದರೂ ಲೋಡ್ ಇಲ್ಲದೆ, ಅಂದರೆ ಕರೆಂಟ್ ಎಳೆಯುವ ದೀಪ, ಎಸಿಗಳನ್ನು ಹಾಕದೆ, ರೋಗ ಸಿಗುತ್ತಿರಲಿಲ್ಲ. ಲೋಡ್ ಹಾಕಿದ್ದರೂ ಕಡ್ಡಿಗಳು ತಪ್ಪು ಜಾಗದಲ್ಲಿದ್ದುದರಿಂದ ಸಿಗುತ್ತಿರಲಿಲ್ಲ.

ಆಮೇಲೆ ನಡೆದದ್ದೆಲ್ಲ ಆ ಒಂದು ಅಂಕಿಯನ್ನು ನಂಬಿದ್ದರ ಫಲ. ಎರಡು ವಾರದಲ್ಲಿ ಬ್ಯಾಟರಿ ಕೂತಿತು. ಆಲ್ಟರ್ನೇಟರ್ 14.2 ಕೊಡುತ್ತಿರುವುದನ್ನು ಕಣ್ಣಾರೆ ನೋಡಿದ್ದೇನೆ, ಹಾಗಾದರೆ ಬ್ಯಾಟರಿಯೇ ಹೋಗಿರಬೇಕು ಎಂದು ತೀರ್ಮಾನಿಸಿ ಐದು ಸಾವಿರಕ್ಕೂ ಹೆಚ್ಚು ಕೊಟ್ಟು 35 ಆಂಪಿಯರ್ ಅವರ್‌ನ ಹೊಸ ಬ್ಯಾಟರಿ ತಂದೆ. ನಮ್ಮ ಭಾಗದ ಬಿಸಿಲಿಗೆ ಬ್ಯಾಟರಿ ಬೇಗ ಸಾಯುವುದು ನಿಜವಾದ ಸಂಗತಿಯೇ ಆದ್ದರಿಂದ ಅಂಗಡಿಯವರು ಹೇಳಿದ್ದನ್ನು ಅನುಮಾನಿಸುವ ಕಾರಣ ನನಗೆ ಕಾಣಲಿಲ್ಲ. ಹೊಸ ಬ್ಯಾಟರಿ ತುಂಬಿಕೊಂಡೇ ಬಂದಿದ್ದರಿಂದ ಕೆಲವು ದಿನ ಕಾರು ಚೆನ್ನಾಗಿಯೇ ಓಡಿತು.

ಮೇ ತಿಂಗಳಲ್ಲಿ ಬೀದರಿನಲ್ಲಿ ಬಂಧುಗಳ ಮದುವೆ ಇತ್ತು. ಊಟ ಮುಗಿಸಿ ತಾಯಿಯವರನ್ನು ಕರೆದುಕೊಂಡು ರಾತ್ರಿ ಹೊರಟೆ. ಹೊರಗೆ ರಾತ್ರಿಯಲ್ಲೂ ಸೆಕೆ, ಎಸಿ ಪೂರ್ತಿ ಹಾಕಿದ್ದೆ. ಹುಮನಾಬಾದ್ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ದೀಪ ಕೆಂಡ ಬೂದಿಯೊಳಗಿಂದ ಕಾಣುವ ಹಾಗೆ ಮಂಕಾಗಿ ಬೆಳಗತೊಡಗಿತು. ಸ್ವಲ್ಪ ಹೊತ್ತಿಗೆ ಅದು ಪೂರ್ತಿ ಕೆಂಪಾಯಿತು. ಕಮಲಾಪುರದ ಹತ್ತಿರ ಬರುವಷ್ಟರಲ್ಲಿ ಹೆಡ್‌ಲೈಟಿನ ಬೆಳಕು ಹಳದಿಯಾಗಿ, ಎಂಜಿನ್ ಮುಗ್ಗರಿಸಿ, ಕಾರು ರಸ್ತೆ ಬದಿಯಲ್ಲಿ ನಿಂತಿತು. ಲಾರಿಗಳು ಓಡುವ ಹೆದ್ದಾರಿಯಲ್ಲಿ ಹಿಂದಿನ ದೀಪಗಳೂ ಇಲ್ಲದ ಕಾರಿನಲ್ಲಿ ಎಪ್ಪತ್ತು ದಾಟಿದ ತಾಯಿಯನ್ನು ಕೂರಿಸಿಕೊಂಡಿದ್ದ ಆ ಅರ್ಧ ಗಂಟೆಯನ್ನು ನಾನು ಮರೆಯಲಾರೆ. ನಿಮ್ಮ ಪ್ರಶ್ನೆಗೆ ಇಷ್ಟುದ್ದ ಉತ್ತರ ಬರೆಯುತ್ತಿರುವುದು ಅದಕ್ಕಾಗಿಯೇ. ಒಂದು ಢಾಬಾದವರು ಕಾರನ್ನು ಒಳಕ್ಕೆ ತಳ್ಳಿಸಿ, ತಾಯಿಯವರಿಗೆ ಮಲಗಲು ಜಾಗ ಕೊಟ್ಟರು. ಬೆಳಿಗ್ಗೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ಜಂಪ್ ಕೊಟ್ಟಾಗ ಕಾರು ಏನೂ ಆಗದ ಹಾಗೆ ಓಡಿತು.

ಕಲಬುರಗಿಗೆ ಬಂದವನೇ ಆಳಂದ ರಸ್ತೆಯ ಹಿರಿಯ ವೈರಿಂಗ್ ಮಿಸ್ತ್ರಿಯೊಬ್ಬರ ಬಳಿ ಹೋದೆ. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. “ಡೈನಮೋ ವಾಪಸ್ ಕೊಡ್ಲೇನ್ರಿ ಚಾಚಾ?” ಎಂದು ಕೇಳಿದೆ. “ಮೊದಲ ಲೋಡ್ ಹಾಕ್ರಿ, ಆಮ್ಯಾಗ ಮಾತಾಡೂಣು” ಎಂದರು. ಹೆಡ್‌ಲೈಟ್ ಹೈ ಬೀಮಿಗೆ, ಬ್ಲೋವರ್ ಪೂರ್ತಿ, ಎಸಿ ಆನ್, ಎಂಜಿನ್ ಸುಮಾರು 2000 ಆರ್‌ಪಿಎಂ. ಅವರು ಮೀಟರಿನ ಒಂದು ಕಡ್ಡಿಯನ್ನು ಬಿ ಸ್ಟಡ್ಡಿನ ಮೇಲೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ ಇಟ್ಟರು. ಎರಡೂ ಪಾಸಿಟಿವ್ ಆದ್ದರಿಂದ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕಿತ್ತು, 1.3 ತೋರಿಸಿತು. ಆಮೇಲೆ ಎರಡನೆಯ ಕಡ್ಡಿಯನ್ನು ಹಂತ ಹಂತವಾಗಿ ಆಲ್ಟರ್ನೇಟರಿನ ಕಡೆಗೆ ತಂದರು: ಫ್ಯೂಸ್ ಬಾಕ್ಸಿನ ನಟ್ಟಿನ ಮೇಲೆ ಇಟ್ಟಾಗಲೂ 1.3, ವೈರಿನ ತುದಿಯ ರಬ್ಬರ್ ಟೋಪಿ ಸರಿಸಿ ಥಿಂಬಲ್ಲಿನ (ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಕೊನೆಯ) ಉಂಗುರದ ಮೇಲೆ ಇಟ್ಟಾಗ ಸೊನ್ನೆ. ಅಂದರೆ ರೋಗ ಥಿಂಬಲ್ಲಿಗೂ ಅದರೊಳಗೆ ಒತ್ತಿ ಕೂರಿಸಿದ ತಾಮ್ರದ ಎಳೆಗಳಿಗೂ ನಡುವೆ ಇತ್ತು.

ಎಂಜಿನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆ ತುದಿಯನ್ನು ಹೊರತೆಗೆದು ನನ್ನ ಕೈಗೆ ಕೊಟ್ಟರು. ಥಿಂಬಲ್ಲಿನ ಕುತ್ತಿಗೆ ಬಿಸಿಗೆ ನೀಲಿ-ಕಪ್ಪಾಗಿತ್ತು. ಅದರ ಪಕ್ಕದ ಎರಡು ಬೆರಳಗಲದಷ್ಟು ವೈರಿನ ಸಿಪ್ಪೆ ಗಟ್ಟಿಯಾಗಿ, ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಒಳಗಿನ ಎಳೆಗಳ ಮೇಲೆ ಹಸಿರು ಕಿಲುಬು, ಅರ್ಧಕ್ಕಿಂತ ಹೆಚ್ಚು ಎಳೆಗಳು ತುಂಡಾಗಿದ್ದವು. ಹಳೆಯ ಆಲ್ಟರ್ನೇಟರ್ ಬಿಚ್ಚುವಾಗ ಆ ವೈರನ್ನು ಜಗ್ಗಿ ಬಗ್ಗಿಸಿದ್ದರಿಂದ, ಮೊದಲೇ ಸೋತಿದ್ದ ಜೋಡಣೆ ಪೂರ್ತಿ ಸಡಿಲವಾಗಿತ್ತು. 1.3 ವೋಲ್ಟನ್ನು 40 ಆಂಪಿಯರ್‌ನಿಂದ ಗುಣಿಸಿದರೆ 52 ವ್ಯಾಟ್. ಒಂದು ದೊಡ್ಡ ಸೋಲ್ಡರಿಂಗ್ ಕಡ್ಡಿಯಷ್ಟು ಶಾಖ ಆ ಪುಟ್ಟ ಕುತ್ತಿಗೆಯಲ್ಲಿ ಹುಟ್ಟುತ್ತಿತ್ತು. ಬಿಸಿಯಾದಷ್ಟೂ ಸಂಪರ್ಕ ಕೆಡುತ್ತಾ ಹೋಗಿ, ಹುಮನಾಬಾದ್ ದಾಟಿದ ಮೇಲೆ ಹೆಚ್ಚುಕಡಿಮೆ ಪೂರ್ತಿ ಕಡಿದುಹೋಗಿ, ಕಾರು ಬರೀ ಬ್ಯಾಟರಿಯ ಮೇಲೆ ಓಡಿತ್ತು. ತಣ್ಣಗಾದ ಮೇಲೆ ಎಳೆಗಳು ಮತ್ತೆ ಮುಟ್ಟಿಕೊಂಡಿದ್ದವು. ಚಾಚಾ ವೈರನ್ನು ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಥಿಂಬಲ್ ಹಾಕಿ ಒತ್ತಿದರು. ಅದೇ ಲೋಡಿನಲ್ಲಿ ಮತ್ತೆ ಅಳೆದಾಗ 0.1 ಬಂತು. ಆಲ್ಟರ್ನೇಟರ್ ಒಳ್ಳೆಯದೇ ಇತ್ತು. ನಾನು ಎಸೆದ ಹಳೆಯ ಬ್ಯಾಟರಿಯೂ ಬಹುಶಃ ಒಳ್ಳೆಯದೇ ಇತ್ತು.

ಈಗ ನಿಮ್ಮ ಮಂಕು ದೀಪದ ವಿಷಯ. ನಿಮ್ಮದೂ ಹಳೆಯ ಮಾದರಿಯಾದ್ದರಿಂದ, ಆ ದೀಪದ ಒಂದು ಬದಿ ಕೀ ಸ್ವಿಚ್ಚಿನ ಮೂಲಕ ಬ್ಯಾಟರಿಗೆ, ಇನ್ನೊಂದು ಬದಿ ಆಲ್ಟರ್ನೇಟರಿಗೆ ಸೇರಿರುತ್ತದೆ. ಎರಡೂ ಬದಿಯಲ್ಲಿ ಸಮಾನ ವೋಲ್ಟೇಜ್ ಇದ್ದರೆ ದೀಪ ಆರುತ್ತದೆ. ಆಲ್ಟರ್ನೇಟರ್ ಸತ್ತಿದ್ದರೆ ಪೂರ್ತಿ ಬೆಳಗುತ್ತದೆ. ಲೋಡ್ ಹಾಕಿದಾಗ ಮಾತ್ರ ಮಂಕಾಗಿ ಬೆಳಗುತ್ತದೆ ಎಂದರೆ ಎರಡು ಬದಿಗಳ ನಡುವೆ ಒಂದೋ ಒಂದೂವರೆಯೋ ವೋಲ್ಟಿನ ವ್ಯತ್ಯಾಸ ಇದೆ ಎಂದರ್ಥ. ಆಲ್ಟರ್ನೇಟರಿನೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕೆಟ್ಟರೂ ಹೀಗಾಗಬಹುದು. ಆದರೆ ಹನ್ನೆರಡು ದಿನದ ಹಿಂದೆ ಯಾರೋ ಕೈಹಾಕಿದ ಜೋಡಣೆಗಳನ್ನು ಬಿಟ್ಟು ಮೊದಲು ಡಯೋಡನ್ನು ಅನುಮಾನಿಸುವುದು ನನಗೆ ಒಪ್ಪಿಗೆಯಿಲ್ಲ.

ಆದ್ದರಿಂದ ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರಿಗೆ ಹಾಕಿ, ಮೂರು-ನಾಲ್ಕು ಆಂಪಿಯರ್‌ನಲ್ಲಿ ರಾತ್ರಿಯಿಡೀ ತುಂಬಿಸಿ. ಕೂತುಹೋದ ಬ್ಯಾಟರಿಯನ್ನು ಆಲ್ಟರ್ನೇಟರಿನಿಂದಲೇ ತುಂಬಿಸಲು ಹೋದರೆ ಅದು ಗಂಟೆಗಟ್ಟಲೆ ಬಿಸಿಯಾಗಿ ದುಡಿಯಬೇಕಾಗುತ್ತದೆ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟಿನ ಆಸುಪಾಸು ನಿಂತರೆ ಬ್ಯಾಟರಿಯನ್ನು ಸದ್ಯಕ್ಕೆ ನಂಬಬಹುದು. ಆಮೇಲೆ ಪೂರ್ತಿ ಲೋಡಿನಲ್ಲಿ ಚಾಚಾ ಮಾಡಿದ ಅಳತೆಯನ್ನೇ ಮಾಡಿ: ಬಿ ಸ್ಟಡ್ಡಿನಿಂದ ಬ್ಯಾಟರಿ ಪಾಸಿಟಿವ್‌ಗೆ 0.2ರ ಒಳಗೆ, ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿ ನೆಗೆಟಿವ್‌ಗೂ ಅಷ್ಟರೊಳಗೇ ಇರಬೇಕು. ಎರಡನೆಯದು ಹೆಚ್ಚು ಬಂದರೆ ಎಂಜಿನ್ನಿನಿಂದ ಕಾರಿನ ಮೈಗೆ ಬರುವ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿ ಉಜ್ಜಿಸಿ. ಕೈಯಲ್ಲಿ ಕಡ್ಡಿ ಹಿಡಿದಾಗ ಬೆಲ್ಟಿನ ಕಡೆ ಗಮನವಿರಲಿ, ಹೆಗಲ ಮೇಲಿನ ಟವೆಲ್ ತೆಗೆದಿಡಿ. ಬಿ ಸ್ಟಡ್ಡಿಗೆ ಕೀ ಆಫ್ ಇದ್ದರೂ ಬ್ಯಾಟರಿಯ ಕರೆಂಟ್ ನೇರವಾಗಿ ಬರುತ್ತಿರುತ್ತದೆ. ನೆಗೆಟಿವ್ ಬಿಚ್ಚದೆ ಅಲ್ಲಿ ಪಾನಾ ಹಾಕಬೇಡಿ.

ಈ ಎರಡೂ ಅಳತೆಗಳು ಸರಿಯಿದ್ದು, ಆಗಲೂ ಬ್ಯಾಟರಿಯಲ್ಲಿ 13.5 ಬರದಿದ್ದರೆ, ಬೆಲ್ಟಿನ ಬಿಗಿ ನೋಡಿದ ಮೇಲೆ ಆಲ್ಟರ್ನೇಟರನ್ನು ವಾರಂಟಿಯಲ್ಲಿ ವಾಪಸು ಕೊಡಿ.

ನಿಮ್ಮ ಗ್ಯಾರೇಜಿನವರು ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದು “ಗಾಡಿ ಬಂದ್ ಆಗಲಿಲ್ಲ, ಡೈನಮೋ ಸರಿಯಿದೆ” ಎಂದು ತೋರಿಸಿದರು ಎಂದು ಬರೆದಿದ್ದೀರಿ. ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಲು ಬಿಡಬೇಡಿ. ಬ್ಯಾಟರಿ ತಟ್ಟನೆ ಕಡಿದಾಗ ಆಲ್ಟರ್ನೇಟರಿನ ವೋಲ್ಟೇಜ್ ಒಂದು ಕ್ಷಣ ಹತ್ತಾರು ವೋಲ್ಟ್ ಏರಿ, ಅದರ ಡಯೋಡುಗಳನ್ನೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಎಂ ಅನ್ನೂ ಸುಡಬಲ್ಲದು. ಆ ಪರೀಕ್ಷೆ ನನ್ನ ಕಾರಿನ ರೋಗವನ್ನಂತೂ ಹಿಡಿಯುತ್ತಿರಲಿಲ್ಲ, ಏಕೆಂದರೆ ಲೋಡ್ ಇಲ್ಲದಾಗ ಆ ಥಿಂಬಲ್ ಸಾಕಷ್ಟು ಕರೆಂಟ್ ಬಿಡುತ್ತಿತ್ತು.

ಬರುವ ವಾರ ರಾತ್ರಿ ಹೊರಟು ಹೈದರಾಬಾದಿಗೆ ಹೋಗಬೇಕು, ಅಷ್ಟರವರೆಗೆ ಹೊಸ ಬ್ಯಾಟರಿಯ ಮೇಲೆ ಸಾಗಿಸಬಹುದೇ ಎಂದೂ ಕೇಳಿದ್ದೀರಿ. ಸಾಗಿಸಬೇಡಿ. ಜೋಡಣೆ ಸಿಗುವವರೆಗೆ ಕಾರು ಅಂಗಳದಲ್ಲಿಯೇ ಇರಲಿ. ಯಾದಗಿರಿಯಿಂದ ವಾಡಿ ಜಂಕ್ಷನ್ನಿಗೆ ಹೋದರೆ ಹೈದರಾಬಾದಿನ ಕಡೆಗೆ ರೈಲುಗಳಿವೆ.