ಬೇಸಿಗೆಯಲ್ಲಿ ಕಾವೇರಿಯಲ್ಲಿ ಎಷ್ಟು ನೀರು ಹರಿಯುತ್ತಿದೆ ಅಂತ ಹೇಗೆ ಅಳೆಯುತ್ತಾರೆ?

ಪೇಪರ್‌ನಲ್ಲಿ ದಿನಾ ಬರುವ ಕೆಆರ್‌ಎಸ್ ಮಟ್ಟ (ತುಂಬಿದರೆ 124.80 ಅಡಿ) ಕಟ್ಟೆಯ ನೀರಿನ ಲೆಕ್ಕ, ಕೆಳಗೆ ಶ್ರೀರಂಗಪಟ್ಟಣದಲ್ಲಿ ಹರಿಯುವ ಹೊಳೆಯದ್ದಲ್ಲ. ಹೊಳೆಯ ಹರಿವು ನೋಡೋಕೆ ದಡದಲ್ಲಿ ಅಳತೆಪಟ್ಟಿ ನೆಟ್ಟಿರುತ್ತಾರೆ. ಅದರಲ್ಲಿ ಮಟ್ಟ ಓದಿ, ಆ ಮಟ್ಟಕ್ಕೆ ಎಷ್ಟು ಕ್ಯೂಸೆಕ್ (ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್) ಅಂತ ಮೊದಲೇ ಅಳೆದು ಮಾಡಿಟ್ಟ ಲೆಕ್ಕ ನೋಡುತ್ತಾರೆ, ಅಷ್ಟೇ.

ಬೇಸಿಗೆಯಲ್ಲಿ ಕೈಕೊಡುವುದೇ ಇದು. ನೀರು ಬಂಡೆಗಳ ಸಂದಿಗೆ ಸರಿದು ಪಟ್ಟಿಯ ಬುಡ ಒಣಗಿರುತ್ತದೆ, ಇಲ್ಲಾಂದ್ರೆ ಮರಳು ತೆಗೆದು ತಳವೇ ಬದಲಾಗಿ, ಅದೇ ಮಟ್ಟಕ್ಕೆ ಬೇರೆ ಹರಿವು ಇರುತ್ತದೆ. ಆಗ ಮೊಣಕಾಲುದ್ದ ನೀರಿಗೆ ಇಳಿದು, ಈ ದಡದಿಂದ ಆ ದಡಕ್ಕೆ ಸ್ವಲ್ಪ ಸ್ವಲ್ಪ ದೂರಕ್ಕೆ ಆಳ ನೋಡುತ್ತಾ, ಕರೆಂಟ್ ಮೀಟರ್‌ನಿಂದ (ಇದು ವಿದ್ಯುತ್ತಿನದ್ದಲ್ಲ, ಹರಿಯುವ ನೀರಿನ ವೇಗ ಅಳೆಯುವ ಸಾಧನ) ವೇಗ ಹಿಡಿದು, ಒಂದೊಂದು ಭಾಗದ ಅಗಲ, ಆಳ, ವೇಗ ಗುಣಿಸಿ ಎಲ್ಲಾ ಕೂಡಬೇಕು.